ತುದಿ ಕೂಡಬಾರದ ಗಿಡ

೧೯೯೯ರಲ್ಲಿ ಏಳನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಅಂಥವನ ಕೈಗೆ ಮುಂಬೈಯ ಗಣಿತ ಸಂಸ್ಥೆಯ ಮೇಡಂ ಚಿತ್ರವೊಂದನ್ನು ಕೊಟ್ಟು, "ಇದು ಒಂದು ಮೇಲ್ಮೈಯ ಅಂಚು. ಕಟ್ಟಿಗೀಲೆ ಮಾಡಿಕೊಡ್ರಿ" ಅಂದರು. ನೋಡಿದರೆ ಗುಂಡು, ಕಡ್ಡಿ, ಕವಲೊಡೆದ ಗಿಡದ ಹಾಗೆ. ಅಂಚು ಸೀರೆಗಿರುತ್ತದೆ, ಹೊಲಕ್ಕಿರುತ್ತದೆ. ಇಂಥ ಅಂಚನ್ನು ನಾನು ಕಂಡಿರಲಿಲ್ಲ.

ಆ ಸಂಸ್ಥೆಗೆ ಬಡಗಿಯಾಗಿ ಸೇರಿ ಮೂರು ತಿಂಗಳಾಗುತ್ತಿತ್ತು. ಕೆಲಸ ಮೆಚ್ಚಿದರೆ ಖಾಯಂ, ಇಲ್ಲವಾದರೆ ವಾಪಸು ನನ್ನೂರು ಕಿನ್ನಾಳಕ್ಕೆ. ನಾವಿದ್ದದ್ದು ಒಂದೇ ಕೋಣೆಯ ಮನೆ, ಇಲ್ಲಿ ಅದಕ್ಕೆ ಖೋಲಿ ಅನ್ನುತ್ತಾರೆ. ಹೆಂಡತಿ ಗಂಗವ್ವ ರೊಟ್ಟಿ ಬಡಿಯುವ ಸದ್ದಿಗೆ ಮೊದಲು ಜಗಳಕ್ಕೆ ಬಂದ ನೆರೆಯವರು ಆಗಲೇ ತಟ್ಟೆ ಹಿಡಿದು ಬರತೊಡಗಿದ್ದರು. ಹೋಗುವುದೆಂದರೆ ಅವಳಿಗೂ ಸಂಕಟ.

ಕಿನ್ನಾಳದ ಗೊಂಬೆಯಲ್ಲಿ ಕೈಯನ್ನು ಚಾಚಿದಂತೆ ಬಿಡುವುದಿಲ್ಲ. ಮುರಿಯುತ್ತದೆಂದು ಮೈಗೆ ತಾಗಿಸಿ ಅಂಟಿಸುತ್ತೇವೆ. ಆ ರೂಢಿಯಂತೆ ಗಿಡದ ಎರಡು ತುದಿಗುಂಡುಗಳನ್ನು ಸರಿ ಅನ್ನುವ ಹುಣಸೆಬೀಜದ ಅಂಟಿನಿಂದ ಕೂಡಿಸಿದೆ. ಮರುದಿನ ಮೇಡಂ ಬಂದರು. ಅವರೂ ನಮ್ಮ ಕಡೆಯ ಗಂಗಾವತಿಯವರೇ.

"ಅಯ್ಯ, ಶಂಕ್ರಪ್ಪ! ಗಿಡಕ್ಕ ಬಳಿ ತೊಡಸೀರಲ್ಲ!"

"ಬಿಡಿ ಬಿಟ್ರ ಮುರೀತೈತ್ರಿ, ಮೇಡಂ."

"ಮುರದ್ರ ಮುರೀಲಿ. ನಾ ಹುಡುಕೋ ಮೇಲ್ಮೈಗೆ ತೂತು ಇರಬಾರ್ದು. ಅಂಚು ಹಿಂಗ ಸುತ್ತು ಕಟ್ಟಿದ್ರ ತೂತು ಬಿತ್ತು ಅಂತನ ಲೆಕ್ಕ."

"ತೂತಿಲ್ಲಂದ್ರ ಅದು ಬರೇ ಬಯಲಲ್ಲೇನ್ರಿ?"

ಮೇಡಂ ನಕ್ಕರು. "ಅಲ್ಲೇ ಐತಿ ಮಜಾ. ತೂತು ಎಣಿಸಿದ್ರ ಬಯಲಿನಂಗ ಸೊನ್ನಿ. ಆದ್ರೂ ಬಯಲಲ್ಲ. ಅಂಥಾವು ಎಷ್ಟು ನಮೂನಿ ಅದಾವ ಅಂತ ವಿಂಗಡಿಸೋದ ನನ್ನ ಕೆಲಸ. ಮಧ್ಯಾಹ್ನ ಪಾಠಕ್ಕ ಇದು ಬೇಕು, ಏನ್ ಮಾಡ್ತೀರಿ?"

ನಮ್ಮೂರಿನ ಒಣಗಾಳಿಗಾದರೆ ಆ ಸರಿ ಒಂದು ಹೊತ್ತಿನಲ್ಲೇ ಕಲ್ಲಾಗುತ್ತಿತ್ತು. ಇಲ್ಲಿ ಸಮುದ್ರದ ತೇವಕ್ಕೆ ಏನೂ ಒಣಗದೆಂದು ನಾನು ದಿನವೂ ಬೈಯುತ್ತಿದ್ದೆ. ಗುಂಡು ಮುಟ್ಟಿದೆ, ಇನ್ನೂ ಹಸಿ! ದಾರ ತೂರಿಸಿ ಎಳೆದೆ, ಬಿಟ್ಟುಕೊಂಡಿತು. ಕಲೆ ಉಜ್ಜಿ ಬಣ್ಣ ಹಚ್ಚಿ ಕೊಟ್ಟೆ. ಪಾಠ ಮುಗಿಸಿ ಬಂದ ಮೇಡಂ ಮತ್ತೊಂದು ಚಿತ್ರ ಮುಂದಿಟ್ಟರು. ತಿಂಗಳ ಕೊನೆಗೆ ಖಾಯಂ ಆಯಿತು.

ಖೋಲಿಯಲ್ಲಿದ್ದಾಗ ಊರಿಗೆ ಹೋಗಬೇಕು ಅನ್ನಿಸುತ್ತದೆ. ಊರಿಗೆ ಹೋದರೆ ನಾಲ್ಕನೆಯ ದಿನಕ್ಕೆ ಅರ್ಧ ಮಾಡಿಟ್ಟ ಗಿಡ ನೆನಪಾಗುತ್ತದೆ. ಈಗ ನನಗಿರುವುದು ಇಷ್ಟು: ಮುಂಬೈಯಲ್ಲಿ ಒಂದು ಖೋಲಿ, ಕಿನ್ನಾಳದಲ್ಲಿ ಅಣ್ಣನ ಜೊತೆ ಪಾಲಿನ ಎರಡು ಕೋಣೆ, ಅಲ್ಲಿ ಬಣ್ಣ ಕಾಣದ ನಾಲ್ಕು ಗೊಂಬೆ, ಮೇಡಂ ಕಪಾಟಿನಲ್ಲಿ ನನ್ನ ಕೈಯ ಹನ್ನೊಂದು ಗಿಡ.