ಪೇಟಿ ಸುಮ್ಮನಾದ ಜಾಗ

ಸಿಂದಗಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಒಂದು ಮಹಡಿಯ ಮೇಲೆ, ನಾನು ಕೆಲವು ವರ್ಷ ರೆಕಾರ್ಡಿಂಗ್ ಸ್ಟುಡಿಯೊ ನಡೆಸಿದೆ. ಅಂಗಡಿಗಳಲ್ಲಿ ಕ್ಯಾಸೆಟ್ಟುಗಳನ್ನು ಸರಿಸಿ ಸೀಡಿಗಳು ಕೂರತೊಡಗಿದ್ದ ಕಾಲ. ಗೋಡೆಗೆ ಹಾಸಿಗೆಯ ಫೋಮ್ ಅಂಟಿಸಿದ್ದೆ. ಮೂಲೆಯಲ್ಲಿ ಗಾಜು ಹಾಕಿದ ಒಂದು ಗೂಡು ಇತ್ತು. ಒಬ್ಬರು ಅದರೊಳಗೆ ಕೂತು ಹಾಡಬಹುದಿತ್ತು. ಕಂಪ್ಯೂಟರಿನಲ್ಲಿ ಆಗಷ್ಟೇ ಹಾಕಿಸಿಕೊಂಡಿದ್ದ ಸಾಫ್ಟ್‌ವೇರ್ ಒಂದು, ಹಾಡಿದ ದನಿಯನ್ನು ಗೆರೆಯಾಗಿ ತೆರೆಯ ಮೇಲೆ ತೋರಿಸುತ್ತಿತ್ತು. ಸುರ ತಪ್ಪಿದ ಕಡೆ ಗೆರೆ ಜಾರಿರುತ್ತಿತ್ತು. ಮೌಸಿನಿಂದ ಹಿಡಿದು ಸರಿಯಾದ ಜಾಗಕ್ಕೆ ಎಳೆದಿಟ್ಟರೆ ದನಿಯೂ ಅಲ್ಲಿಗೇ ಬರುತ್ತಿತ್ತು. ಇದನ್ನು ನಾನು ಹಾಡಲು ಬಂದವರಿಗೆ ಹೇಳುತ್ತಿರಲಿಲ್ಲ. ಅವರೂ ಕೇಳುತ್ತಿರಲಿಲ್ಲ. ತಮ್ಮ ದನಿ ಚಂದ ಕೇಳಿಸಿದಾಗ ಅದಕ್ಕೆ ಕಾರಣ ಹುಡುಕುವವರನ್ನು ನಾನು ಇಂದಿಗೂ ಕಂಡಿಲ್ಲ.

ಹೂವಿನ ಹಿಪ್ಪರಗಿ ಕಡೆಯ ಒಂದು ಭಜನಾ ಮೇಳ ಒಂದು ಬೆಳಿಗ್ಗೆ ಬಂತು. ಒಟ್ಟು ಹತ್ತು ಮಂದಿ. ಮುಂದೆ ಹಾಡುವವರು ಅರವತ್ತು ದಾಟಿದ ಹಿರಿಯರು. ಮೇಳದವರು ಅವರನ್ನು ಮುತ್ಯಾ ಎನ್ನುತ್ತಿದ್ದರು. ಪೇಟಿ, ಅಂದರೆ ಹಾರ್ಮೋನಿಯಂ, ನುಡಿಸುವವನು ಅವರ ಹೆಂಡತಿಯ ತಮ್ಮ. ಉಳಿದ ಎಂಟು ಮಂದಿ ಹಿಮ್ಮೇಳ. ಶ್ರಾವಣದಲ್ಲಿ ಸುತ್ತಲಿನ ಊರುಗಳಿಗೆ ಕೊಡಲು ಅವರಿಗೊಂದು ಸೀಡಿ ಬೇಕಿತ್ತು.

"ನಂದು ಬಿಳಿ ನಾಕು," ಎಂದರು ಮುತ್ಯಾ, ಗೂಡಿನೊಳಗೆ ಕಾಲಿಡುವ ಮೊದಲೇ. ಪೇಟಿಯ ನಾಲ್ಕನೆಯ ಬಿಳಿ ಮನೆಯನ್ನು ಷಡ್ಜವಾಗಿ ಹಿಡಿದು ಹಾಡುತ್ತೇನೆ ಎಂದರ್ಥ. ಗಂಡು ದನಿಗೆ ಅದು ಎತ್ತರವೇ. "ಬಾಗೇವಾಡಿಯಿಂದ ಮುದ್ದೇಬಿಹಾಳತನಕ ಯಾರನ್ನರ ಕೇಳು ತಮ್ಮಾ. ಮೂವತ್ತ ವರ್ಷ ಆತು, ಒಂದ ಮನಿ ಕೆಳಗ ಇಳದಿಲ್ಲ."

"ಮಾಮಾಗ ಏರೋದಷ್ಟ ಗೊತ್ರಿ. ಮನ್ಯಾಗ ಮಾಳಗಿ ಏರಿದ್ರೂ ನಾವ ನಿಚ್ಚಣಿಕಿ ಹಿಡೀಬೇಕು," ಎಂದ ಪೇಟಿಯವನು. ಹಿಮ್ಮೇಳ ಯಾಕೋ ಅಗತ್ಯಕ್ಕಿಂತ ಹೆಚ್ಚು ನಕ್ಕಿತು. ನಾನೂ ನಕ್ಕೆ.

ಮೂರು ಮೈಕು ಇಟ್ಟಿದ್ದೆ. ಗೂಡಿನಲ್ಲಿ ಮುತ್ಯಾನಿಗೆ ಒಂದು, ಹೊರಗೆ ಪೇಟಿಗೆ ಒಂದು, ಎಂಟು ಮಂದಿಗೂ ಸೇರಿ ಒಂದು. ಮೊದಲ ಹಾಡು ಮುಗಿಯಿತು. ಅವರು ಚಹಾಕ್ಕೆ ಕೆಳಗಿಳಿದಾಗ ನಾನು ಮುತ್ಯಾನ ದನಿಯೊಂದನ್ನೇ ತೆರೆದು ನೋಡಿದೆ. ಹಾಡಿನಲ್ಲಿ ಅವರು ಮೇಲಿನ ಷಡ್ಜ ಮುಟ್ಟುವ ಜಾಗ ನಾಲ್ಕು ಸಲ ಬರುತ್ತದೆ. ನಾಲ್ಕು ಸಲವೂ ಗೆರೆ ಸುಮಾರು ಅರ್ಧ ಮನೆ ಕೆಳಗಿತ್ತು. ನಾಲ್ಕನ್ನೂ ಎಳೆದು ಮೇಲಿಟ್ಟೆ. ಹತ್ತು ನಿಮಿಷವೂ ಹಿಡಿಯಲಿಲ್ಲ. ಮೂರೂ ಮೈಕುಗಳನ್ನು ಕೂಡಿಸಿ ಒಮ್ಮೆ ಕೇಳಬೇಕಿತ್ತು. ಕೇಳಲಿಲ್ಲ.

ಅವರು ಬಂದು ಕೂತರು. ಹಾಡು ಹಚ್ಚಿದೆ. ಮುತ್ಯಾನ ದನಿ ನೆಟ್ಟಗೆ ಮೇಲೇರಿ ಷಡ್ಜದ ಮೇಲೆ ನಿಂತಿತು. ಅದೇ ಸಾಲನ್ನು ಹಿಮ್ಮೇಳ ಎತ್ತಿಕೊಂಡಿತು. ಎಂಟೂ ಮಂದಿ ಒಟ್ಟಿಗೆ ಕಾಲು ಜಾರಿ ಬಿದ್ದಂತೆ ಕೇಳಿಸಿತು.

"ನಿಂದರಸು," ಎಂದರು ಮುತ್ಯಾ. ಮೇಳದ ಕಡೆ ತಿರುಗಿದರು. "ಕೇಳಿದಿರೇನ್ರಲೇ? ನಾ ಎಲ್ಲಿ ಅದೀನಿ, ನೀವೆಲ್ಲಿ ಅದೀರಿ? ನಿಮಗ ಕಲಿಸೂ ಬದ್ಲಿ ನಾಕ್ ಎಮ್ಮಿಗಿ ಕಲಿಸಿದ್ರ ಅವಾದ್ರೂ ಸುರಕ್ಕ ಬರತಿದ್ದುವು!"

"ತಪ್ಪಾತ್ರಿ ಮುತ್ಯಾ," ಎಂದ ಹಿಮ್ಮೇಳದ ಒಬ್ಬ. "ಚಾ ಕುಡದು ಗಂಟಲ ಕಟ್ಟೇತ್ರಿ."

"ಹಾಡಿದ್ದು ಮೊದಲ, ಚಾ ಕುಡದದ್ದು ಆಮ್ಯಾಲ."

"ಹಂಗಾರ ನಾಷ್ಟಾದ್ದು ಇರಬೇಕ್ರಿ."

ಏನಾಗಿದೆ ಎಂದು ತಿಳಿಯಲು ನಾನು ಪೇಟಿಯ ಮೈಕನ್ನು ಮಾತ್ರ ತೆರೆದು ಕಿವಿಗೆ ಹಾಕಿಕೊಂಡೆ. ಮೇಲಿನ ಷಡ್ಜ ಬರುವ ಜಾಗದಲ್ಲಿ ಪೇಟಿ ಸುಮ್ಮನಾಗಿತ್ತು. ಮುಂದಿನ ಸಲವೂ. ನಾಲ್ಕೂ ಸಲ. ತಲೆ ಎತ್ತಿ ಪೇಟಿಯವನನ್ನು ನೋಡಿದೆ. ಅವನು ನನ್ನನ್ನೇ ನೋಡುತ್ತಿದ್ದ. ಬೇಡ ಎಂಬಂತೆ, ಕಂಡೂ ಕಾಣದ ಹಾಗೆ, ಒಂದೇ ಸಲ ತಲೆ ಅಲ್ಲಾಡಿಸಿದ.

ಆಗ ತಿಳಿಯಿತು. ಪೇಟಿಯ ಸುರ ದನಿಯಂತೆ ಜಾರುವುದಿಲ್ಲ, ಅದು ನುಡಿದರೆ ತಪ್ಪು ಬಯಲಾಗುತ್ತದೆ. ಮುತ್ಯಾನ ದನಿ ಇಳಿಯುವ ಜಾಗದಲ್ಲಿ ಇವನು ಬೆರಳು ಎತ್ತುತ್ತಿದ್ದ, ಅವರು ಎಂಟು ಮಂದಿ ಜೊತೆಗೇ ಇಳಿಯುತ್ತಿದ್ದರು. ಎಲ್ಲರೂ ಒಂದೇ ಅಳತೆಗೆ ಇಳಿದರೆ ಕೇಳುವವರಿಗೆ ಇಳಿದದ್ದು ತಿಳಿಯುವುದಿಲ್ಲ. ನಾನು ಒಬ್ಬರನ್ನು ಮಾತ್ರ ಮೇಲಕ್ಕೆ ಎತ್ತಿ, ಉಳಿದವರನ್ನು ತಪ್ಪಿತಸ್ಥರನ್ನಾಗಿ ಮಾಡಿದ್ದೆ.

"ತಮ್ಮಾ, ಇವರ ದನಿ ತಗದ ಬಿಡು," ಎಂದರು ಮುತ್ಯಾ. "ನಂದೂ ಪೇಟೀದೂ ಇರಲಿ. ಸೀಡ್ಯಾಗ ಇವರು ಬ್ಯಾಡ."

ಆ ಎಂಟು ಮಂದಿ ತಮ್ಮ ದನಿ ಸೀಡಿಯಲ್ಲಿ ಬರುತ್ತದೆಂದು ಬೀಗರ ಊರಿಗೂ ಹೇಳಿ ಬಂದವರು. ಆದರೂ ಎಂಟೂ ಮಂದಿ ಆಗಲಿ ಎಂದು ತಲೆ ಆಡಿಸಿದರು. "ಮಾಮಾ ಹೇಳಿದಂಗ ಮಾಡ್ರಿ ಸರ್," ಎಂದ ಪೇಟಿಯವನು. ನಾನು ಮೌಸನ್ನು ಹಿಮ್ಮೇಳದ ಗೆರೆಯ ಮೇಲೆ ಒಯ್ದೆ. ಒತ್ತಲು ಆಗಲಿಲ್ಲ.

"ಮುತ್ಯಾ, ತಪ್ಪು ಅವರದಲ್ರಿ," ಎಂದೆ. "ನಿಮ್ಮ ದನಿ ನಾ ಎತ್ತಿ ಇಟ್ಟೀನ್ರಿ." ಮಾಡಿದ್ದನ್ನೆಲ್ಲ ತೆಗೆದು, ಅವರು ಹಾಡಿದ ಹಾಗೆಯೇ ಹಾಡು ಹಚ್ಚಿದೆ. ಒಂಬತ್ತು ದನಿಗಳು ಕೂಡಿ ಕೆಳಗಿಳಿದವು, ಕೂಡಿ ಮುಂದೆ ಹೋದವು.

ಮುತ್ಯಾ ಎರಡು ಸಲ ಕೇಳಿದರು. ಆಮೇಲೆ ಪೇಟಿಯವನ ಕಡೆ ತಿರುಗಿದರು. "ಪೇಟಿ ಎಲ್ಲಿ ಹೋತು?"

"ಬೆರಳ ನೋಯತಾವ ಮಾಮಾ."

"ಅದ ಜಾಗಾದಾಗ ನೋಯತಾವೇನು, ನಾಕೂ ಸಲ?" ಅವನು ಬೆರಳು ಮಡಚಿಕೊಂಡ. "ಎಷ್ಟ ದಿವಸ ಆತಿದು?"

"ನಿಮ್ಮ ಮಮ್ಮಗಳಿಗಿ ಹೆಸರಿಟ್ಟ ವರ್ಷದಿಂದ."

"ಆಕಿ ಈಗ ಸಾಲ್ಯಾಗ ಮೂರನೇ ಇಯತ್ತೆ ಅದಾಳಲೋ!" ದನಿ ತಗ್ಗಿಸಿ ಕೇಳಿದರು: "ನಿಮ್ಮಕ್ಕಗ ಗೊತ್ತೈತೇನು?"

"ಬೆರಳ ಎತ್ತಂತ ಹೇಳಿದಾಕಿನ ಆಕಿ."

ಮುತ್ಯಾ ಫೋಮ್ ಅಂಟಿಸಿದ ಗೋಡೆಯ ಕಡೆ ಮುಖ ಮಾಡಿ ಕೂತರು. ಬಸ್ ನಿಲ್ದಾಣದಲ್ಲಿ ಇಂಡಿಗೆ ಹೋಗುವ ಬಸ್ಸಿನ ಕಂಡಕ್ಟರ್ ಕೂಗುತ್ತಿದ್ದ. ಅವನು ಕೂಗಿ ಮುಗಿಸಿ ಬಸ್ಸು ಹೊರಟಿತು. ಇನ್ನು ಈ ಮನುಷ್ಯ ಹಾಡುವುದಿಲ್ಲ ಎಂದುಕೊಂಡೆ.

ಅವರು ಎದ್ದು ಬಂದು ಪೇಟಿಯ ಮೇಲೆ ತಾವೇ ಬೆರಳಿಟ್ಟರು. ಬಿಳಿ ನಾಲ್ಕರಿಂದ ಒಂದು ಮನೆ ಕೆಳಗೆ ಸರಿಸಿದರು. ನಿಂತರು. ಇನ್ನೊಂದು ಮನೆ ಸರಿಸಿದರು. "ಕರಿ ಎರಡು ಹಿಡಿ," ಎಂದು ಹೇಳಿ ಗೂಡಿನೊಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಮೇಲಿನ ಷಡ್ಜ ಬಂತು. ಮುತ್ಯಾನ ಗೆರೆ ತೆರೆಯ ಮೇಲೆ ತನ್ನ ಜಾಗದಲ್ಲೇ ನಿಂತಿತು, ಕೂದಲೆಳೆಯಷ್ಟೂ ಸರಿಯದೆ. ಪೇಟಿ ಸುಮ್ಮನಾಯಿತು. ಎಂಟು ಮಂದಿ ರೂಢಿಯಂತೆ ಕೆಳಗಿಳಿದರು.

ಗೂಡಿನ ಬಾಗಿಲು ತೆರೆಯಿತು. "ಎಲ್ಲಿಗಿ ಹೊಂಟ್ರಲೇ? ನಾ ಇಲ್ಲೇ ಅದೀನಿ!"

ಆ ಎಂಟು ಮಂದಿಯನ್ನು ಅಲ್ಲಿ ನಿಲ್ಲಿಸಲು ಐದು ಸಲ ಹಾಡಬೇಕಾಯಿತು. ಐದನೆಯದರಲ್ಲಿ ಪೇಟಿಯೂ ಸುಮ್ಮನಾಗಲಿಲ್ಲ, ನಾನೂ ಏನನ್ನೂ ಎಳೆದಿಡಲಿಲ್ಲ. ಹೊರಡುವಾಗ ಮುತ್ಯಾ ಮೆಟ್ಟಿಲ ಮೇಲೆ ನಿಂತು ಪೇಟಿಯವನಿಗೆ ಹೇಳಿದರು: "ಮನ್ಯಾಗ ಏನೂ ಹೇಳಬ್ಯಾಡ. ಕರಿ ಎರಡು, ಬಿಳಿ ನಾಕು ನಿಮ್ಮಕ್ಕಗೇನ ತಿಳೀತೈತಿ?"

"ಅದು ತಿಳಿಯಂಗಿಲ್ಲ ಮಾಮಾ," ಎಂದ ಅವನು, ಪೇಟಿಯನ್ನು ಹೆಗಲಿಗೆ ಏರಿಸುತ್ತ. "ಆದ್ರ ಸೀಡಿ ಹಚ್ಚಿದ ಕೂಡ್ಲೆ, ಆ ಜಾಗಾದಾಗ ಪೇಟಿ ಯಾಕ ಬಾರ್ಸಿದಿ ಅಂತ ನನ್ನ ಬೈತಾಳ."