‘ಬರ್ತೀನಿ’ ಅಂದವರು ಹೋಗಿಬಿಟ್ಟರೆ

ನೆಂಟರು ಹೊರಟರೆ ಸಾಕು, ನಮ್ಮ ನಾಲ್ಕು ವರ್ಷದ ಪುಟ್ಟಿ ನೆಲಕ್ಕೆ ತಲೆ ಚಚ್ಚಿಕೊಂಡು ಅಳುತ್ತಾಳೆ ಕಣ್ರೇ. ಆಟಿಸಂ ಇರಬಹುದು, ನೋಡೋಣ ಎಂದು ಡಾಕ್ಟರು ಅಂದಮೇಲೆ ಅವಳು ಅತ್ತಾಗಲೆಲ್ಲ ನನಗೆ ಎದೆ ಹಾರುತ್ತದೆ.

ಇವತ್ತು ನನ್ನಕ್ಕ ಹೊಸನಗರಕ್ಕೆ ಹೊರಟು, ‘ಬರ್ತೀನಿ ಪುಟ್ಟಿ’ ಅಂದಳು. ಗೇಟು ದಾಟುವಷ್ಟರಲ್ಲಿ ರಂಪ ಶುರು.

‘ಎಂತಕ್ಕೆ ಅಳ್ತೀಯೇ?’ ಅಂದೆ.

‘ದೊಡ್ಡಮ್ಮ ಬರ್ತೀನಿ ಅಂದ್ಲು. ಹೋಗ್ತಾ ಇದಾಳೆ!’

ಅಯ್ಯೋ, ಇಷ್ಟು ದಿನ ಅವಳಿಗೆ ನಾವೆಲ್ಲ ಸುಳ್ಳು ಹೇಳಿದಂತಾಗಿತ್ತಲ್ಲ!

‘ಅಕ್ಕಾ, ಹೋಗ್ತೀನಿ ಅನ್ನೇ!’ ಎಂದು ಕೂಗಿದೆ.

‘ಹಂಗೆಲ್ಲ ಅನ್ಬಾರ್ದು, ಅಪಶಕುನ!’ ಒಳಗಿಂದ ಅತ್ತೆ.

ಅಕ್ಕ ಹೆದರುತ್ತಲೇ, ‘ಹೋಗ್ತೀನಿ ಪುಟ್ಟಿ’ ಅಂದಳು.

ಪುಟ್ಟಿ ಮೂಗೊರೆಸಿಕೊಂಡು, ‘ಹೋಗು’ ಅಂದಳು. ಅಳು ನಿಂತೇಹೋಯಿತು.

ಇನ್ನುಮೇಲೆ ನಮ್ಮನೆಗೆ ಬಂದವರು ದಯವಿಟ್ಟು ‘ಹೋಗ್ತೀನಿ’ ಅಂತಲೇ ಹೇಳಿ. ಅತ್ತೆಗೆ ಕೇಳದ ಹಾಗೆ.