ತೊಂಬತ್ತು ದಿನಗಳ ಕಲಂ

ಶಾಸಕರಾಗಿದ್ದ ಹನ್ನೆರಡು ವರ್ಷ ಊರು ಅವರನ್ನು ಕರೆದದ್ದು ‘ಆಗ್ಲಿ ಸಾಹೇಬರು’ ಎಂದೇ. ನಲ್ಲಿ ಹಾಕಿಸಿ ಎಂದರೂ ಆಗ್ಲಿ, ಮಗನಿಗೆ ಕೆಲಸ ಕೊಡಿಸಿ ಎಂದರೂ ಆಗ್ಲಿ. ಅರ್ಧ ಆಗುತ್ತಿತ್ತು, ಅರ್ಧ ಆಗುತ್ತಿರಲಿಲ್ಲ. ಆದರೆ ಅವರ ಮನೆಯ ಮೆಟ್ಟಿಲನ್ನು ಸಪ್ಪೆ ಮುಖ ಹೊತ್ತು ಇಳಿದವರಿಲ್ಲ. ಚುನಾವಣೆಯಲ್ಲಿ ಸೋತ ಮೇಲೆ ಹಳೆಯ ಕರಿಕೋಟು ಕೊಡವಿಕೊಂಡು ವಕೀಲಿಕೆಗೆ ಮರಳಿದರು. ಕೆಲವು ವರ್ಷಗಳಲ್ಲಿ ಅದೇ ಊರಿನ ಕಾರ್ಮಿಕ ನ್ಯಾಯಾಲಯದ ನ್ಯಾಯಾಧೀಶರಾದರು.

“ಇನ್ನು ಆ ಮಾತು ಬಾಯಿಗೆ ಬರಬಾರ್ದು, ನೋಡಿ,” ಎಂದು ಹೆಂಡತಿ ನಕ್ಕಿದ್ದರು.

ಎರಡನೇ ವರ್ಷ ಆಕೆ ಬಂದಳು. ನೂಲಿನ ಗಿರಣಿಯಲ್ಲಿ ಯಂತ್ರಕ್ಕೆ ಸಿಕ್ಕಿ ಸತ್ತವನ ಹೆಂಡತಿ. ಬಟ್ಟೆ ಹೊಲಿದು ಸಂಸಾರ ತೂಗಿಸುತ್ತಿದ್ದಳು. ಪರಿಹಾರದ ಅರ್ಜಿ ದಾಖಲಾದದ್ದು ತೊಂಬತ್ತಮೂರನೇ ದಿನ. ಗಡುವು ತೊಂಬತ್ತು.

“ಯಾಕಮ್ಮ ತಡ ಆಯ್ತು?”

“ನಾವೇ ಕೊಡ್ತೀವಿ, ಕೋರ್ಟಿಗೆ ಯಾಕೆ ಅಲೀತೀಯ ಅಂದ್ರು ಗಿರಣಿಯೋರು. ನಂಬ್ಕೊಂಡು ಕೂತೆ.”

ತಡವನ್ನು ಮನ್ನಿಸುವ ದಾರಿ ಹುಡುಕುತ್ತ ಆ ಸಂಜೆ ಅವರು ಕಾಯಿದೆ ತೆರೆದರು. ಹದಿನೇಳನೇ ಕಲಂ: ಗಡುವು ಮೀರಿದ ಅರ್ಜಿಯನ್ನು ಯಾವ ಕಾರಣಕ್ಕೂ ಸ್ವೀಕರಿಸತಕ್ಕದ್ದಲ್ಲ. ಕಾಯಿದೆಯ ವರ್ಷ ನೋಡಿದರು. ತಾವು ಸದನದಲ್ಲಿದ್ದ ವರ್ಷವೇ. ಅಧಿವೇಶನದ ಕೊನೆಯ ದಿನ, ಊಟದ ಹೊತ್ತು, ಒಂದೇ ಗಂಟೆಯಲ್ಲಿ ಒಂಬತ್ತು ಮಸೂದೆ. “ಇದನ್ನ ಓದಿದ್ರಾ?” ಎಂದು ಪಕ್ಕದ ಶಾಸಕರನ್ನು ಕೇಳಿದ್ದರು.

“ಓದೋಕೆ ಅಧಿಕಾರಿಗಳಿದಾರೆ, ಮಾರಾಯ್ರೆ. ನಾವಿರೋದು ಕೈ ಎತ್ತೋಕೆ.”

ಇಬ್ಬರೂ ನಗುತ್ತಲೇ ಕೈ ಎತ್ತಿದ್ದರು.

ಮೇಲಿನ ಕೋರ್ಟಿನ ತೀರ್ಪುಗಳನ್ನು ಹತ್ತು ದಿನ ಜಾಲಾಡಿದರು. ಆ ಕಲಮಿನಲ್ಲಿ ಸೂಜಿ ತೂರುವಷ್ಟೂ ಸಂದಿ ಸಿಗಲಿಲ್ಲ.

ಅರ್ಜಿ ವಜಾ. ಗುಮಾಸ್ತ ಬಿಡಿಸಿ ಹೇಳಿದ ಮೇಲೂ ಆಕೆ ಕಟಕಟೆ ಹಿಡಿದು ನಿಂತೇ ಇದ್ದಳು.

“ನಮ್ಮ ಬೀದೀಗೆ ನಲ್ಲಿ ಹಾಕ್ಸಿದ್ದು ನೀವೇ ಅಲ್ವಾ, ಸಾಹೇಬ್ರೇ? ಆವತ್ತು ನಮ್ಮನೆಯೋರು ಬಂದು ಕೇಳಿದ ಕೂಡ್ಲೇ ಆಗ್ಲಿ ಅಂದ್ರಿ. ಇವತ್ತೊಂದ್ಸಲ ಅನ್ನಿ.”

ಅವರು ಮುಂದಿನ ಕಡತ ಎಳೆದುಕೊಂಡರು. ಅದರ ದಾರ ಬಿಚ್ಚಲು ಬಹಳ ಹೊತ್ತು ಹಿಡಿಯಿತು.

ನಿವೃತ್ತಿಯಾದ ಮರುದಿನದಿಂದಲೇ ಆ ಕಲಂ ತಿದ್ದಿ ಎಂದು ಹಳೆಯ ಗೆಳೆಯರಿಗೆ, ಮಂತ್ರಿಗಳಿಗೆ ಪತ್ರ ಬರೆಯತೊಡಗಿದರು. ನಾಲ್ಕನೇ ವರ್ಷ ಕಲಂ ತಿದ್ದುಪಡಿಯಾಯಿತು. ಗುಮಾಸ್ತನೇ ಫೋನ್ ಮಾಡಿ ತಿಳಿಸಿದ.

“ಪೂರ್ತಿ ಓದಿದ್ಯೇನಪ್ಪ?”

“ಓದಿದೆ ಸಾರ್. ಹಳೇ ಕೇಸುಗಳಿಗೆ ಅನ್ವಯ ಆಗಲ್ವಂತೆ.”

ಫೋನ್ ಇಟ್ಟ ಮೇಲೆ ಹೆಂಡತಿ ಕೇಳಿದರು: “ಆಯಮ್ಮನ ಮನೆಗೆ ಹೋಗಿ ಹೇಳಿ ಬರೋಣ್ವಾ?”

“ಏನಂತ?” ಎಂದರು ಅವರು.